ಪದಚರ್ಚೆ: ಇಲ್ಲೇ ಇರುವವರನ್ನು ‘ಅನಿವಾಸಿ’ ಅನ್ನೋದು ಹೇಗೆ?

ಗೆಳೆಯರೆ,

ಜೆ-1 ವೀಸಾದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಒಂದೆರಡು ವರ್ಷಕ್ಕೆಂದು ಬರುವ ಸಂಶೋಧಕರಿಗಾಗಿ ಇಲ್ಲಿನ ತೆರಿಗೆಯ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇನೆ. ಲೆಕ್ಕ ಹೇಗೋ ಬಗೆಹರಿಯಿತು. ಪದಗಳು ಕೈಕೊಡುತ್ತಿವೆ.

ಮೊದಲನೆಯದು ‘ನಾನ್‌ರೆಸಿಡೆಂಟ್ ಏಲಿಯನ್’, ಅಂದರೆ ಅಮೆರಿಕದ ತೆರಿಗೆ ಕಾನೂನು ನಿವಾಸಿ ಎಂದು ಪರಿಗಣಿಸದ ವಿದೇಶಿ. ‘ಅನಿವಾಸಿ’ ಎಂದು ಬರೆದೆ. ಕರಡು ಓದಿದ ಸ್ನೇಹಿತರು, “ನಾನು ಹೇಗೂ ಅನಿವಾಸಿ ಭಾರತೀಯ ಅಲ್ವಾ, ಅದನ್ನೇ ಹೇಳ್ತಿದ್ದೀರಾ?” ಎಂದರು. ಅವರ ತಪ್ಪೇನಿಲ್ಲ. ನಮ್ಮ ಕಿವಿಗೆ ಅನಿವಾಸಿ ಎಂದರೆ ಊರು ಬಿಟ್ಟು ಹೋದವರು. ಇಲ್ಲಿನ ಕಾನೂನಿನಲ್ಲಿ ಊರಿಗೆ ಬಂದು, ಬಾಡಿಗೆ ಮನೆ ಹಿಡಿದು, ಕರೆಂಟ್ ಬಿಲ್ ಕಟ್ಟುತ್ತಿರುವವರೂ ಅನಿವಾಸಿಯೇ! ಭಾರತದ ಆದಾಯ ತೆರಿಗೆಯವರೂ ದಿನ ಎಣಿಸಿಯೇ ತೀರ್ಮಾನಿಸುವುದು. ಹೀಗಾಗಿ ಒಬ್ಬರೇ ಎರಡೂ ಕಡೆ ಅನಿವಾಸಿ ಆಗಿಬಿಡಬಹುದು.

‘ವಾಸ್ತವ್ಯ’ ಬಳಸೋಣ ಎಂದರೆ, ಕರ್ನಾಟಕದಲ್ಲಿ ಗ್ರಾಮ ವಾಸ್ತವ್ಯ ನೋಡಿದವರಿಗೆ ಅದು ಒಂದು ರಾತ್ರಿ ಮಲಗೆದ್ದು ಹೋಗುವ ಮಾತು. ಸದ್ಯಕ್ಕೆ ‘ತೆರಿಗೆ ಲೆಕ್ಕದ ಅನಿವಾಸಿ’ ಎಂದು ಉದ್ದಕ್ಕೆ ಬರೆಯುತ್ತಿದ್ದೇನೆ. ಚೆನ್ನಾಗಿಲ್ಲ, ಗೊತ್ತು.

ಯಾರು ನಿವಾಸಿ ಎಂದು ಇಲ್ಲಿ ಇದ್ದ ದಿನಗಳಿಂದ ತೀರ್ಮಾನಿಸುವ ‘ಸಬ್‌ಸ್ಟಾನ್ಶಿಯಲ್ ಪ್ರೆಸೆನ್ಸ್’ ಪರೀಕ್ಷೆಗೆ ‘ಗಣನೀಯ ಹಾಜರಿ’ ಒಗ್ಗುತ್ತದೆ ಅನಿಸಿತು. ಗಣನೀಯ ಎಂದರೆ ಮೂಲದಲ್ಲಿ ಎಣಿಸತಕ್ಕದ್ದು. ಇದೂ ದಿನ ಎಣಿಸುವ ಕೆಲಸವೇ. ಈ ವರ್ಷದ ಹಾಜರಿ ಪೂರ್ತಿ, ಹೋದ ವರ್ಷದ್ದರಲ್ಲಿ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ್ದರಲ್ಲಿ ಆರನೇ ಒಂದು ಪಾಲು. ಮೂರೂ ಸೇರಿ 183 ಮುಟ್ಟಬೇಕು, ಈ ವರ್ಷ ಕಡೇಪಕ್ಷ 31 ದಿನ ಇದ್ದಿರಬೇಕು. ಆಗ ತೆರಿಗೆಗೆ ನೀವು ನಿವಾಸಿ.

ನಿಜವಾದ ತಲೆನೋವು ‘ಎಕ್ಸೆಂಪ್ಟ್ ಇಂಡಿವಿಜುಯಲ್’. ಜೆ-1ನಲ್ಲಿ ಬಂದ ಸಂಶೋಧಕರನ್ನು ಮೊದಮೊದಲು ಕಾನೂನು ಹೀಗೆ ಕರೆಯುತ್ತದೆ. ‘ವಿನಾಯಿತಿ ಪಡೆದವರು’ ಎಂದು ಬರೆದರೆ ಓದುವವರು ತೆರಿಗೆಯೇ ಇಲ್ಲ ಎಂದು ಖುಷಿಪಡುತ್ತಾರೆ. ವಿನಾಯಿತಿ ಇರುವುದು ತೆರಿಗೆಗಲ್ಲ, ದಿನದ ಎಣಿಕೆಗೆ. ಸಂಬಳದ ಮೇಲೆ ತೆರಿಗೆ ಬೀಳಬಹುದು, ಈ ದಿನಗಳನ್ನು ಎಣಿಸಬೇಡಿ ಎಂದು ತಿಳಿಸುವ 8843 ನಂಬರಿನ ಫಾರಂ ಅಂತೂ ತುಂಬಲೇಬೇಕು. ದೇಶದಲ್ಲಿ ಇದ್ದೀರಿ, ಆದರೆ ಇದ್ದ ದಿನಗಳು ಎಣಿಕೆಗೆ ಬರುವುದಿಲ್ಲ. ಮಕ್ಕಳ ಭಾಷೆಯಲ್ಲಿ ಹೇಳುವುದಾದರೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಇದಕ್ಕಿಂತ ಸರಿಯಾದ ಅನುವಾದ ನನಗೆ ಹೊಳೆದಿಲ್ಲ. ಆದರೆ ತೆರಿಗೆಯ ಕೈಪಿಡಿಯಲ್ಲಿ ಹಾಗೆ ಬರೆಯಬಹುದಾ? ‘ಎಣಿಕೆ-ಹೊರತು’ ಅಂದರೆ ಹೇಗೆ?

ಇನ್ನೊಂದು, ‘ವರ್ಷ’. ಸಂಶೋಧಕರಿಗೆ ಈ ಎಣಿಕೆಯ ರಿಯಾಯಿತಿ ಸಾಮಾನ್ಯವಾಗಿ ಎರಡು ವರ್ಷ. ಆದರೆ ಅದು ಜನವರಿಯಿಂದ ಡಿಸೆಂಬರ್‌ವರೆಗಿನ ಕ್ಯಾಲೆಂಡರ್ ವರ್ಷ. ಮೊದಲ ಸಲ 2024ರ ಡಿಸೆಂಬರ್ 30ಕ್ಕೆ ಇಳಿದವರಿಗೂ 2024 ಒಂದು ಇಡೀ ವರ್ಷವಾಗಿ ಖರ್ಚಾಗುತ್ತದೆ. 2025 ಎರಡನೆಯದು. 2026ರ ಜನವರಿ 1ರಿಂದ ಎಣಿಕೆ ಶುರು. ಆಚೆ ಎಲ್ಲೂ ಹೋಗದಿದ್ದರೆ ಜುಲೈ 2ಕ್ಕೆ 183 ತುಂಬಿತು. ಭಾರತ–ಅಮೆರಿಕ ತೆರಿಗೆ ಒಪ್ಪಂದದ 22ನೇ ವಿಧಿ ಬೋಧಕರು, ಸಂಶೋಧಕರ ಸಂಬಳಕ್ಕೆ ಕೊಡುವ ರಿಯಾಯಿತಿಯೂ ಎರಡು ವರ್ಷವೇ. ಅದನ್ನು ಮಾತ್ರ ಬಂದ ದಿನದಿಂದ ಎಣಿಸಬೇಕು. ಎರಡಕ್ಕೂ ‘ಎರಡು ವರ್ಷ’ ಎಂದೇ ಬರೆದರೆ ಓದುಗರು ಮುಗ್ಗರಿಸುತ್ತಾರೆ.

ಇಲ್ಲಿ ನಮ್ಮ ಅಜ್ಜಿಯಂದಿರ ಮಾತು ನೆನಪಾಯಿತು. ಮಗುವಿನ ವಯಸ್ಸು ಕೇಳಿದರೆ “ಎರಡು ತುಂಬಿ ಮೂರಕ್ಕೆ ಬಿತ್ತು” ಅನ್ನುತ್ತಿದ್ದರು. ಒಪ್ಪಂದದ್ದು ‘ತುಂಬಿದ ವರ್ಷ’. ಎಣಿಕೆ ರಿಯಾಯಿತಿಯದ್ದು ‘ಕಾಲಿಟ್ಟ ವರ್ಷ’, ಕಾಲಿಟ್ಟರೆ ಸಾಕು, ಮುಗಿಯಿತು. ಈ ಜೋಡಿಯನ್ನು ಹಾಗೇ ಇಟ್ಟುಕೊಳ್ಳುತ್ತೇನೆ.

ಉಳಿದ ಎರಡಕ್ಕೆ ಸಲಹೆ ಬೇಕು. ‘ಅನಿವಾಸಿ’ ಬಿಟ್ಟು ಬೇರೆ ಪದ ಯಾರಾದರೂ ಬಳಸಿದ್ದೀರಾ? ‘ಎಣಿಕೆ-ಹೊರತು’ ಎಂಬುದು ಬರೀ ಪದ ನೋಡಿದವರಿಗೆ ಅರ್ಥವಾಗುತ್ತದಾ, ಇಲ್ಲ ನನಗೆ ಮಾತ್ರಾನಾ?