ಮನೆಯ ಸ್ಟೋರೇಜ್ ಸರ್ವರ್‌ಗೆ ಯಾವ ಮೀಡಿಯಾ ಸರ್ವರ್ ಒಳ್ಳೆಯದು?

ಪ್ರಶ್ನೆ: ಸರ್, ನಮಸ್ಕಾರ. ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ 4 ಟಿಬಿಯ ಎರಡು ಡಿಸ್ಕ್ ಜೋಡಿಸಿ, ಅದನ್ನು ಸ್ಟೋರೇಜ್ ಸರ್ವರ್ ಆಗಿಸುವ ಓಪನ್‌ಮೀಡಿಯಾವಾಲ್ಟ್ ಹಾಕಿದ್ದೇನೆ. ಎಂಟನೆಯ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ‍್ಯಾಮ್, ಆಪರೇಟಿಂಗ್ ಸಿಸ್ಟಮ್‌ಗೆ ಬೇರೆ ಎಸ್‌ಎಸ್‌ಡಿ ಇದೆ. ಡಿಸ್ಕ್‌ಗಳಲ್ಲಿರುವುದು ನಾನು ಹಣ ಕೊಟ್ಟು ಕೊಂಡ ಬ್ಲೂ-ರೇಗಳ ನಕಲು, ಮಕ್ಕಳ ವಿಡಿಯೊ ಮತ್ತು ಹಾಡುಗಳು. ನೋಡುವುದು ಒಂದು ಟಿವಿ, ಎರಡು ಫೋನ್, ಒಂದು ಟ್ಯಾಬ್ಲೆಟ್‌ನಲ್ಲಿ. ಡಿಸ್ಕ್‌ನಲ್ಲಿರುವುದನ್ನು ಟಿವಿ, ಫೋನ್‌ಗಳಿಗೆ ಕಳುಹಿಸುವ ಮೀಡಿಯಾ ಸರ್ವರ್ ತಂತ್ರಾಂಶಗಳಾದ ಪ್ಲೆಕ್ಸ್, ಎಂಬಿ (Emby), ಜೆಲ್ಲಿಫಿನ್ ಈ ಮೂರರಲ್ಲಿ ಯಾವುದನ್ನು ಹಾಕಲಿ? ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್ ಬೇಕೇ, ನೇರವಾಗಿ ಹಾಕಿದರೆ ಸಾಕೇ?

ಉತ್ತರ: ನಮಸ್ಕಾರ. ಮೂರು ಹೆಸರನ್ನೂ ಸ್ವಲ್ಪ ಪಕ್ಕಕ್ಕಿಟ್ಟು ಮೊದಲು ನಿಮ್ಮ ಟಿವಿಯ ಬಗ್ಗೆ ಯೋಚಿಸಿ. ಫೈಲ್ ಹೇಗಿದೆಯೋ ಹಾಗೆಯೇ ಟಿವಿ ಅದನ್ನು ಓಡಿಸಬಲ್ಲದಾದರೆ ಸರ್ವರ್‌ಗೆ ಕೆಲಸವೇ ಇಲ್ಲ, ಬೈಟುಗಳನ್ನು ಕಳುಹಿಸಿದರೆ ಮುಗಿಯಿತು. ಚಿತ್ರ, ಧ್ವನಿಗಳನ್ನು ಒಟ್ಟಿಗೆ ಸುತ್ತಿಡುವ ಎಂಕೆವಿಯಂತಹ ಹೊರಕವಚ ಮಾತ್ರ ಟಿವಿಗೆ ಒಗ್ಗದಿದ್ದರೆ ಕವಚವನ್ನಷ್ಟೇ ಬದಲಿಸಿ ಕಳುಹಿಸುತ್ತದೆ, ಅದೂ ಹಗುರ ಕೆಲಸ. ಹಲವು ಟಿವಿಗಳಿಗೆ ಡಿಟಿಎಸ್ ಧ್ವನಿ ಅರ್ಥವಾಗುವುದಿಲ್ಲ. ಆಗ ಧ್ವನಿಯೊಂದನ್ನು ಮಾರ್ಪಡಿಸಿದರೆ ಸಾಕು, ಅದಕ್ಕೂ ಹೆಚ್ಚು ಶ್ರಮವಿಲ್ಲ. ಚಿತ್ರವನ್ನೇ ಬಿಚ್ಚಿ ಹೊಸದಾಗಿ ಕಟ್ಟಬೇಕಾದಾಗ, ಅಂದರೆ ಟ್ರಾನ್ಸ್‌ಕೋಡಿಂಗ್ ಶುರುವಾದಾಗ, ಪ್ರೊಸೆಸರ್ ಏದುಸಿರು ಬಿಡುತ್ತದೆ. ಮೀಡಿಯಾ ಸರ್ವರ್ ಬಗ್ಗೆ ನನಗೆ ಬರುವ ದೂರುಗಳಲ್ಲಿ ಹೆಚ್ಚಿನವುಗಳ ಬೇರು ಇರುವುದು ಇಲ್ಲಿಯೇ. ಸಾಫ್ಟ್‌ವೇರ್ ಬದಲಿಸಿದ ಮಾತ್ರಕ್ಕೆ ಅವು ಹೋಗುವುದಿಲ್ಲ.

ನಿಮ್ಮ ಪ್ರೊಸೆಸರ್‌ನ ಬಗ್ಗೆ ಒಳ್ಳೆಯ ಸುದ್ದಿ ಇದೆ. ಅದರೊಳಗಿನ ಗ್ರಾಫಿಕ್ಸ್ ಭಾಗದಲ್ಲಿ ಇಂಟೆಲ್‌ನ ಕ್ವಿಕ್ ಸಿಂಕ್ ಇದೆ. ವಿಡಿಯೊವನ್ನು ಕುಗ್ಗಿಸಿಡುವ ವಿಧಾನಗಳಲ್ಲಿ ಎಚ್.264 ಮಾತ್ರವಲ್ಲ, 10 ಬಿಟ್‌ನ ಎಚ್‌ಇವಿಸಿ ವಿಡಿಯೊವನ್ನೂ ಅದು ಯಂತ್ರಾಂಶದಲ್ಲೇ ಬಿಚ್ಚಿ ಕಟ್ಟುತ್ತದೆ. ಎವಿ1 ಎಂಬ ಇನ್ನೊಂದು ವಿಧಾನ ಮಾತ್ರ ಅದಕ್ಕೆ ಬರುವುದಿಲ್ಲ. ಎವಿ1 ಬಿಚ್ಚುವ ಸಾಮರ್ಥ್ಯ ಇಂಟೆಲ್‌ನಲ್ಲಿ ಬಂದದ್ದು ಹನ್ನೊಂದನೆಯ ತಲೆಮಾರಿನಿಂದ.

ಈಗ ಹೆಸರುಗಳಿಗೆ ಬರೋಣ. ನನ್ನ ಶಿಫಾರಸು ಜೆಲ್ಲಿಫಿನ್, ಇದರಲ್ಲಿ ನನಗೆ ಗೊಂದಲವಿಲ್ಲ. ಎಂಬಿ ತನ್ನ ಮೂಲ ಸಂಕೇತವನ್ನು ಮುಚ್ಚಿಕೊಂಡಾಗ, 2018ರ ಡಿಸೆಂಬರ್‌ನಲ್ಲಿ, ಅದರ ಕೊನೆಯ ಮುಕ್ತ ಆವೃತ್ತಿಯಿಂದ ಕವಲೊಡೆದು ಹುಟ್ಟಿದ ತಂತ್ರಾಂಶ ಅದು. ಯಂತ್ರಾಂಶದ ಟ್ರಾನ್ಸ್‌ಕೋಡಿಂಗ್‌ಗೆ ಪ್ಲೆಕ್ಸ್ ಮತ್ತು ಎಂಬಿ ಚಂದಾ ಕೇಳುತ್ತವೆ. ಜೆಲ್ಲಿಫಿನ್‌ನಲ್ಲಿ ಅದು ಎಲ್ಲರಿಗೂ ತೆರೆದಿದೆ. ಪ್ಲೆಕ್ಸ್‌ನಲ್ಲಿ ಬಳಕೆದಾರರ ಖಾತೆ ಇರುವುದು ಕಂಪನಿಯ ಸರ್ವರ್‌ನಲ್ಲಿ, ಜೆಲ್ಲಿಫಿನ್‌ನಲ್ಲಿ ನಿಮ್ಮ ಪೆಟ್ಟಿಗೆಯೊಳಗೇ. ನಿಮ್ಮದೇ ಡಿಸ್ಕ್‌ನಲ್ಲಿರುವ ಮಗುವಿನ ವಿಡಿಯೊ ನೋಡಲು ಹೊರಗಿನವರ ಬಾಗಿಲು ತಟ್ಟಬೇಕಾಗಿ ಬರುವುದು ನನಗೆ ಸರಿ ಕಾಣುವುದಿಲ್ಲ.

ಪ್ಲೆಕ್ಸ್‌ನ ಹಿರಿಮೆಯನ್ನೂ ಹೇಳಬೇಕು. ಅದರ ಆ್ಯಪ್ ಬಹುಮಟ್ಟಿಗೆ ಎಲ್ಲ ಟಿವಿಗಳಲ್ಲೂ ಸಿಗುತ್ತದೆ, ಸಜ್ಜುಗೊಳಿಸುವುದೂ ಸುಲಭ. ನಿಮ್ಮ ಟಿವಿಯ ಆ್ಯಪ್ ಪಟ್ಟಿಯಲ್ಲಿ ಜೆಲ್ಲಿಫಿನ್ ಇದೆಯೇ ಎಂದು ಇವತ್ತೇ ನೋಡಿ. ಇಲ್ಲದಿದ್ದರೆ ಆಂಡ್ರಾಯ್ಡ್ ಟಿವಿಯ ಸಣ್ಣ ಪೆಟ್ಟಿಗೆಯೊಂದನ್ನು ಜೋಡಿಸಿದರೆ ಆಯಿತು.

ಡಾಕರ್‌ನಲ್ಲೇ ಹಾಕಿ. ಕಂಟೇನರ್ ಹೇಗೆ ಓಡಬೇಕೆಂದು ಒಂದು ಫೈಲ್‌ನಲ್ಲಿ ಬರೆದಿಡುವ ಓಪನ್‌ಮೀಡಿಯಾವಾಲ್ಟ್‌ನ ಕಂಪೋಸ್ ಪ್ಲಗಿನ್ ಇದಕ್ಕೆ ಅನುಕೂಲ. ಕಾನ್ಫಿಗ್ (ಸೆಟ್ಟಿಂಗ್‌ಗಳ) ಮತ್ತು ಕ್ಯಾಶ್ (ತಾತ್ಕಾಲಿಕ ಫೈಲ್‌ಗಳ) ಫೋಲ್ಡರ್‌ಗಳು ಎಸ್‌ಎಸ್‌ಡಿಯಲ್ಲಿರಲಿ, ಏಕೆಂದರೆ ಜೆಲ್ಲಿಫಿನ್‌ನ ಎಸ್‌ಕ್ಯೂಲೈಟ್ ಡೇಟಾಬೇಸ್ ಇರುವುದು ಕಾನ್ಫಿಗ್‌ನೊಳಗೆ. ತಿರುಗುವ ಡಿಸ್ಕ್‌ನಲ್ಲಿಟ್ಟರೆ ಪೋಸ್ಟರ್‌ಗಳ ಪುಟ ತೆವಳುತ್ತದೆ. ಚಿತ್ರಗಳ ಫೋಲ್ಡರ್ ಅನ್ನು ಓದಲು ಮಾತ್ರ ಬಿಟ್ಟುಕೊಡಿ. ಆಗ ಟಿವಿಯ ರಿಮೋಟ್ ಹಿಡಿದು ಯಾರು ಏನು ಒತ್ತಿದರೂ ಮೂಲ ಫೈಲ್ ಅಳಿಸಿಹೋಗುವುದಿಲ್ಲ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಜೆಲ್ಲಿಫಿನ್ ಎದ್ದು ನಿಂತಿತು, 8096ನೆಯ ಪೋರ್ಟ್‌ನಲ್ಲಿ ಪುಟವೂ ತೆರೆಯುತ್ತಿದೆ. ಆದರೆ ಲೈಬ್ರರಿ ಸೇರಿಸಿದರೆ ಒಳಗೆ ಒಂದೂ ಚಿತ್ರವಿಲ್ಲ. ಭದ್ರತೆಗೆಂದು ಕಂಪೋಸ್ ಫೈಲ್‌ನಲ್ಲಿ ಬಳಕೆದಾರನ ಸಂಖ್ಯೆ 1000 ಎಂದು ಹಾಕಿದ್ದೆ.

ಉತ್ತರ: ಆ ಸಂಖ್ಯೆ ಹಾಕಿದ್ದು ಒಳ್ಳೆಯದೇ, ತೆಗೆಯಬೇಡಿ. ಜೆಲ್ಲಿಫಿನ್‌ನ ಅಧಿಕೃತ ಇಮೇಜ್ (ಕಂಟೇನರ್‌ನ ಸಿದ್ಧ ಅಚ್ಚು), ನೀವು ಬೇರೆ ಹೇಳದಿದ್ದರೆ, ರೂಟ್ ಆಗಿ, ಅಂದರೆ ಎಲ್ಲ ಹಕ್ಕೂ ಇರುವ ಬಳಕೆದಾರನಾಗಿ, ಓಡುತ್ತದೆ. ಈಗ ಅದು 1000ನೆಯ ಬಳಕೆದಾರನಾಗಿ ಓಡುತ್ತಿದೆ. ಫೈಲ್‌ಗಳ ಒಡೆಯ ಬೇರೊಬ್ಬನಾಗಿದ್ದು, ಉಳಿದವರಿಗೆ ಓದುವ ಹಕ್ಕಿಲ್ಲದಿದ್ದರೆ ಅದಕ್ಕೆ ಕಾಣುವುದು ಶೂನ್ಯ. ಪರೀಕ್ಷಿಸುವ ಬಗೆ ಹೀಗೆ: ಓಡುತ್ತಿರುವ ಕಂಟೇನರ್‌ನ ಒಳಗೆ ಶೆಲ್ (ಆದೇಶ ಬರೆಯುವ ಕಿಟಕಿ) ತೆರೆದು, ಚಿತ್ರಗಳ ಫೋಲ್ಡರ್‌ನ ಪಟ್ಟಿಯನ್ನು ಅಲ್ಲಿಂದಲೇ ಕೇಳಿ. ಅನುಮತಿ ಇಲ್ಲ ಎಂದು ಬಂದರೆ ಹಕ್ಕಿನ ತೊಂದರೆ. ಅಂತಹ ಫೋಲ್ಡರ್ ಇಲ್ಲವೆಂದರೆ ಅಥವಾ ಅದು ಖಾಲಿಯಿದ್ದರೆ ದಾರಿ ತಪ್ಪಿದೆ. ಲೈಬ್ರರಿ ಸೇರಿಸುವಾಗ ಕೊಡಬೇಕಾದದ್ದು ಕಂಟೇನರ್ ಒಳಗಿನ ದಾರಿ, ಡಿಸ್ಕ್‌ನ ಹೊರಗಿನ ದಾರಿಯಲ್ಲ.

ಹಕ್ಕಿನ ತೊಂದರೆಯಾದರೆ ಫೈಲ್‌ಗಳಿಗೆ ಓದುವ ಹಕ್ಕು ಕೊಟ್ಟು ನಿಲ್ಲಬೇಡಿ. ಅಲ್ಲಿಗೆ ಹೋಗುವ ದಾರಿಯ ಪ್ರತಿಯೊಂದು ಫೋಲ್ಡರ್‌ಗೂ ಒಳಹೊಕ್ಕುವ ಹಕ್ಕು, ಅಂದರೆ ಎಕ್ಸಿಕ್ಯೂಟ್ ಬಿಟ್, ಬೇಕು. ನಡುವೆ ಒಂದು ಫೋಲ್ಡರ್ ಮುಚ್ಚಿದ್ದರೂ ಕೆಳಗಿನದೆಲ್ಲ ಮಾಯ. ಎಲ್ಲಕ್ಕೂ 777, ಅಂದರೆ ಎಲ್ಲರಿಗೂ ಎಲ್ಲ ಹಕ್ಕು, ಕೊಟ್ಟುಬಿಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದು ಮನೆಯ ಎಲ್ಲ ಫೈಲ್‌ಗಳನ್ನೂ ಎಲ್ಲ ಪ್ರೋಗ್ರಾಂಗಳಿಗೂ ಅಳಿಸಲು ಬಿಟ್ಟಂತೆ.

ಪ್ರಶ್ನೆ ಕೇಳಿದವರು: ಒಳಗಿನ ಫೋಲ್ಡರ್ ಒಂದರ ಹಕ್ಕು ಮುಚ್ಚಿತ್ತು, ಸರಿಯಾಯಿತು. ಆದರೆ ಈಗ ಮಗಳ ಹುಟ್ಟುಹಬ್ಬದ ವಿಡಿಯೊಗೆ ಯಾವುದೋ ವಿದೇಶಿ ಚಿತ್ರದ ಪೋಸ್ಟರ್ ಅಂಟಿಕೊಂಡಿದೆ!

ಉತ್ತರ: ಮನೆಯ ವಿಡಿಯೊಗಳನ್ನು ಚಲನಚಿತ್ರದ ಲೈಬ್ರರಿಗೆ ಸೇರಿಸಿದ್ದೀರಿ. ಅಲ್ಲಿ ಜೆಲ್ಲಿಫಿನ್ ಫೈಲ್‌ನ ಹೆಸರನ್ನು ದಿ ಮೂವಿ ಡೇಟಾಬೇಸ್‌ನಲ್ಲಿ ಹುಡುಕಿ, ಹತ್ತಿರದ್ದು ಎಂದು ತೋರಿದ್ದನ್ನು ಎಳೆದು ತರುತ್ತದೆ. ಅವುಗಳಿಗೆ ಪ್ರತ್ಯೇಕ ಫೋಲ್ಡರ್ ಮಾಡಿ, ಲೈಬ್ರರಿಯ ಬಗೆಯನ್ನು ಮನೆಯ ವಿಡಿಯೊ ಮತ್ತು ಫೋಟೊ ಎಂದು ಆರಿಸಿ. ಆಗ ಅದು ಹೊರಗೆ ಹುಡುಕಲು ಹೋಗುವುದಿಲ್ಲ.

ಚಲನಚಿತ್ರಗಳಿಗೆ ಒಂದೊಂದು ಫೋಲ್ಡರ್ ಇರಲಿ. ಫೋಲ್ಡರ್‌ಗೂ ಫೈಲ್‌ಗೂ ಒಂದೇ ಹೆಸರು, ಪಕ್ಕದಲ್ಲಿ ಆವರಣದೊಳಗೆ ಬಿಡುಗಡೆಯ ವರ್ಷ. ಒಂದೇ ಹೆಸರಿನ ಎರಡು ಚಿತ್ರಗಳನ್ನು ಬೇರ್ಪಡಿಸುವುದು ಆ ವರ್ಷವೇ. ಧಾರಾವಾಹಿಯಾದರೆ ಪ್ರತಿ ಸೀಸನ್‌ಗೂ ಉಪಫೋಲ್ಡರ್, ಫೈಲ್‌ನ ಹೆಸರಿನಲ್ಲಿ S01E02 (ಮೊದಲ ಸೀಸನ್‌ನ ಎರಡನೆಯ ಕಂತು) ಮಾದರಿಯ ಗುರುತು. ಈ ಗುರುತು ಮಾತ್ರ ರೋಮನ್ ಅಕ್ಷರದಲ್ಲೇ ಇರಬೇಕು.

ಇನ್ನೊಬ್ಬ ಸದಸ್ಯೆ: ಸರ್, ನನ್ನದೂ ಜೆಲ್ಲಿಫಿನ್. ವೈ-ಫೈಗಿಂತ ವಾಸಿ ಎಂದು ಟಿವಿಗೆ ಕೇಬಲ್ ಎಳೆಸಿದೆ. ಆದರೂ ಕೆಲವು 4ಕೆ ಚಿತ್ರಗಳು ತಡವರಿಸುತ್ತವೆ, ಅದೂ ಕೆಲವು ದೃಶ್ಯಗಳಲ್ಲಿ ಮಾತ್ರ. ಸರ್ವರ್‌ನ ಪ್ರೊಸೆಸರ್ ತಣ್ಣಗೇ ಇದೆ.

ಉತ್ತರ: ಮೇಡಂ, ನೀವು ಹೇಳಿದ ಕೊನೆಯ ಮಾತೇ ಸುಳಿವು. ಪ್ರೊಸೆಸರ್ ತಣ್ಣಗಿದೆ ಎಂದರೆ ಟ್ರಾನ್ಸ್‌ಕೋಡಿಂಗ್ ನಡೆಯುತ್ತಿಲ್ಲ, ಫೈಲ್ ನೇರವಾಗಿಯೇ ಹೋಗುತ್ತಿದೆ. ಹಾಗಾದರೆ ಇಕ್ಕಟ್ಟು ಇರುವುದು ದಾರಿಯಲ್ಲಿ. ಎಷ್ಟೋ ಟಿವಿಗಳಲ್ಲಿ, ದುಬಾರಿಯವುಗಳಲ್ಲೂ, ಕೇಬಲ್ ಸಿಕ್ಕಿಸುವ ಈಥರ್ನೆಟ್ ಕಿಂಡಿ ಸೆಕೆಂಡಿಗೆ 100 ಮೆಗಾಬಿಟ್‌ನದು ಮಾತ್ರ. ಅಲ್ಟ್ರಾ ಎಚ್‌ಡಿ ಬ್ಲೂ-ರೇಯ ನಕಲು ಅಬ್ಬರದ ದೃಶ್ಯಗಳಲ್ಲಿ ಆ ಮಿತಿಯನ್ನು ದಾಟಬಲ್ಲದು, ಏಕೆಂದರೆ ಆ ಡಿಸ್ಕ್‌ಗಳಿಗೆ 128 ಮೆಗಾಬಿಟ್‌ವರೆಗೆ ಅವಕಾಶವಿದೆ. ನಿಶ್ಶಬ್ದ ದೃಶ್ಯದಲ್ಲಿ ಸರಾಗವಾಗಿ ಓಡಿ, ಕಾದಾಟ ಬಂದಾಗ ತಡವರಿಸುವುದು ಇದೇ ಕಾರಣಕ್ಕೆ. ಕೇಬಲ್ ತೆಗೆದು ಟಿವಿಯನ್ನು 5 ಗಿಗಾಹರ್ಟ್ಜ್ ವೈ-ಫೈಗೆ ಜೋಡಿಸಿ ನೋಡಿ. ರೂಟರ್ ಹತ್ತಿರವಿದ್ದರೆ ಅದು ಆ ಕಿಂಡಿಗಿಂತ ವೇಗವಾಗಿರುತ್ತದೆ.

ಪ್ರೊಸೆಸರ್ ಬಿಸಿಯಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಚಿತ್ರ ಓಡುತ್ತಿರುವಾಗ ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್ ತೆರೆದರೆ ಟ್ರಾನ್ಸ್‌ಕೋಡಿಂಗ್ ಏಕೆ ಆಗುತ್ತಿದೆ ಎಂಬ ಕಾರಣ ಅಲ್ಲೇ ಇರುತ್ತದೆ. ಬಹಳ ಸಲ ಅದು ಸಬ್‌ಟೈಟಲ್. ಬ್ಲೂ-ರೇಯ ಪಿಜಿಎಸ್ ಸಬ್‌ಟೈಟಲ್‌ಗಳು ಅಕ್ಷರಗಳಲ್ಲ, ಚಿತ್ರಗಳು. ಆ್ಯಪ್‌ಗೆ ಅವನ್ನು ತೋರಿಸಲು ಬಾರದಿದ್ದರೆ ಸರ್ವರ್ ಪ್ರತಿ ಚೌಕಟ್ಟಿನ ಮೇಲೂ ಅವನ್ನು ಅಚ್ಚೊತ್ತಬೇಕು, ಅದಕ್ಕಾಗಿ ಇಡೀ ವಿಡಿಯೊವನ್ನೇ ಮರುಕಟ್ಟಬೇಕು. ಅಕ್ಷರರೂಪದ ಸಬ್‌ಟೈಟಲ್ ಆದ ಎಸ್‌ಆರ್‌ಟಿ ಫೈಲ್ ಪಕ್ಕದಲ್ಲಿಟ್ಟು ಅದನ್ನು ಆರಿಸಿದರೆ ಈ ಹೊರೆ ಇಳಿಯುತ್ತದೆ. ಕ್ವಿಕ್ ಸಿಂಕ್ ಬಳಸುವವರು ಗ್ರಾಫಿಕ್ಸ್ ಸಾಧನವನ್ನು ಕಂಟೇನರ್‌ಗೆ ಒಪ್ಪಿಸಿ, ಬಳಕೆದಾರನನ್ನು ಅದನ್ನು ಬಳಸುವ ಹಕ್ಕಿರುವ ರೆಂಡರ್ ಗುಂಪಿಗೆ ಸೇರಿಸಬೇಕು. ಎರಡನೆಯದನ್ನು ಬಿಟ್ಟರೆ ಆಯ್ಕೆ ಟಿಕ್ ಆಗಿದ್ದರೂ ಚಿತ್ರ ಓಡುವುದಿಲ್ಲ.

ಮತ್ತೊಬ್ಬ ಸದಸ್ಯರು: ಊರಿಗೆ ಹೋದಾಗ ಫೋನ್‌ನಲ್ಲಿ ನೋಡಲು ರೂಟರ್‌ನಲ್ಲಿ 8096 ತೆರೆದರೆ ಸಾಕೇ? ಹಾಡುಗಳಿಗೂ ಇದೇ ಸಾಕೇ?

ಉತ್ತರ: ತೆರೆಯಬೇಡಿ. ಆ ಪೋರ್ಟ್‌ನಲ್ಲಿ ಸಂಚಾರಕ್ಕೆ ಗೂಢಲಿಪಿಯ ರಕ್ಷಣೆಯಿಲ್ಲ, ಪಾಸ್‌ವರ್ಡ್ ಬಯಲಲ್ಲೇ ಸಾಗುತ್ತದೆ. ಮನೆಯ ಜಾಲಕ್ಕೆ ಗೂಢಲಿಪಿಯ ಸುರಂಗ ಕಟ್ಟುವ ವೈರ್‌ಗಾರ್ಡ್ ಅಥವಾ ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್ ಹಾಕಿಕೊಳ್ಳಿ. ಸೇವಾದಾತರು ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚಿರುವ ಕಡೆ ಪೋರ್ಟ್ ತೆರೆದರೂ ಪ್ರಯೋಜನವಿಲ್ಲ, ಅಲ್ಲಿ ಟೇಲ್‌ಸ್ಕೇಲ್ ಕೆಲಸಕ್ಕೆ ಬರುತ್ತದೆ. ಪ್ಲೆಕ್ಸ್‌ನಲ್ಲಿ ಈ ಸೌಕರ್ಯ ಸಿದ್ಧವಾಗಿಯೇ ಇತ್ತು. ಆದರೆ 2025ರ ಏಪ್ರಿಲ್ ಕೊನೆಯಿಂದ ಮನೆಯ ಹೊರಗೆ ಸ್ವಂತ ವಿಡಿಯೊ ನೋಡಲು ಅದಕ್ಕೂ ಚಂದಾ ಬೇಕು.

ಹಾಡುಗಳು ಜೆಲ್ಲಿಫಿನ್‌ನಲ್ಲೂ ಓಡುತ್ತವೆ. ದೊಡ್ಡ ಸಂಗ್ರಹವಿದ್ದರೆ ಹಾಡುಗಳಿಗೆಂದೇ ಇರುವ ನಾವಿಡ್ರೋಮ್ ಸರ್ವರ್ ಹಾಕಿ, ಅದು ಹಗುರ.

ಪ್ರಶ್ನೆ ಕೇಳಿದವರು: ಕೊನೆಯದಾಗಿ ಸರ್, ಹೊಸ ಆವೃತ್ತಿ ಬಂದಾಗ ತಾನಾಗಿ ಅಪ್‌ಡೇಟ್ ಆಗಲು ಬಿಡಬಹುದೇ? ಎರಡು ಡಿಸ್ಕ್‌ಗಳೂ ರೇಡ್ 1ರಲ್ಲಿವೆ, ಅಂದರೆ ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುತ್ತದೆ.

ಉತ್ತರ: ಬಿಡಬೇಡಿ, ಆವೃತ್ತಿಯ ಸಂಖ್ಯೆಯನ್ನು ಕಂಪೋಸ್ ಫೈಲ್‌ನಲ್ಲಿ ಬರೆದೇ ಇಡಿ. 2025ರ ಅಕ್ಟೋಬರ್‌ನಲ್ಲಿ ಬಂದ ಜೆಲ್ಲಿಫಿನ್ 10.11 ಡೇಟಾಬೇಸ್‌ನ ರಚನೆಯನ್ನೇ ಬದಲಿಸಿತು. ಒಮ್ಮೆ ಏರಿದ ಮೇಲೆ ಹಿಂದಿನ ಆವೃತ್ತಿಗೆ ಇಳಿಯಬೇಕಾದರೆ ಹಳೆಯ ಕಾನ್ಫಿಗ್‌ನ ನಕಲು ಕೈಯಲ್ಲಿರಬೇಕು. ಕಂಟೇನರ್ ನಿಲ್ಲಿಸಿ, ಕಾನ್ಫಿಗ್ ಫೋಲ್ಡರ್ ನಕಲಿಸಿ, ಬಳಿಕ ಏರಿಸಿ.

ರೇಡ್ 1 ಒಂದು ಡಿಸ್ಕ್ ಕೆಟ್ಟರೆ ಕಾಪಾಡುತ್ತದೆ. ಆದರೆ ಕೈತಪ್ಪಿ ಅಳಿಸಿದ ಫೈಲ್ ಅದೇ ಕ್ಷಣ ಎರಡರಲ್ಲೂ ಅಳಿಯುತ್ತದೆ. ಬ್ಲೂ-ರೇ ಡಿಸ್ಕ್‌ಗಳು ಕಪಾಟಿನಲ್ಲಿರುವುದರಿಂದ ಚಲನಚಿತ್ರಗಳನ್ನು ಮತ್ತೆ ನಕಲಿಸಿಕೊಳ್ಳಬಹುದು. ಮಕ್ಕಳ ವಿಡಿಯೊಗಳಿಗೆ ಬೇರೆ ಪ್ರತಿ ಇಲ್ಲ, ಆದ್ದರಿಂದ ಅವುಗಳನ್ನು ಈ ವಾರವೇ ಹೊರಗಿನ ಡಿಸ್ಕ್ ಒಂದಕ್ಕೆ ನಕಲಿಸಿ, ಆ ಡಿಸ್ಕ್ ಅನ್ನು ಸರ್ವರ್‌ನಿಂದ ಬಿಚ್ಚಿ ಬೇರೆ ಕಡೆ ಇಡಿ.