ಅಲ್ಜೀರಿಯಾ ಮಾದರಿ: ಅಟ್ಲಾಸ್ ದಾಟಿದ ಮೇಲೆ ಪೂರ್ತಿ ಮರಳೇ ಅಂಟಿಸಬಹುದಾ?

ಮಧುಗಿರಿ ಮೇಷ್ಟ್ರು:
ವಸ್ತುಪ್ರದರ್ಶನಕ್ಕೆ ಮಕ್ಕಳು ಅಲ್ಜೀರಿಯಾದ ಅಡ್ಡಸೀಳು ಮಾದರಿ ಮಾಡ್ತಿದ್ದಾರೆ. ಉತ್ತರದ ಅಲ್ಜಿಯರ್ಸ್‌ನಿಂದ ದಕ್ಷಿಣದ ತಮನ್ರಸೆಟ್‌ವರೆಗೆ. ಥರ್ಮಾಕೋಲ್ ತಳ 160 ಸೆಂ.ಮೀ. ಉದ್ದ ಇದೆ. ಎತ್ತರಕ್ಕೆ ಯಾವ ಅಳತೆ ಹಿಡಿಯೋದು? ಅಟ್ಲಾಸ್ ಬೆಟ್ಟಸಾಲಿನ ಆಚೆ ಎಲ್ಲಾ ಮರಳು ಹಾಕಿದರೆ ಸರಿಯಾ?

ಚಿಕ್ಕಬಳ್ಳಾಪುರ ಭೂಗೋಳ:
ಬೇಡ ಸರ್. ಸಹಾರಾದಲ್ಲಿ ಮರಳುದಿಬ್ಬ ಇರೋದು ಸುಮಾರು ಕಾಲು ಭಾಗ ಅಷ್ಟೇ. ನೀವು ಹಿಡಿದ ಗೆರೆಯಲ್ಲಂತೂ ಇನ್ನೂ ಕಡಿಮೆ.

ನೇರ ದೂರ ಸುಮಾರು 1,550 ಕಿ.ಮೀ. ಉದ್ದಕ್ಕೆ 1 ಸೆಂ.ಮೀ.ಗೆ 10 ಕಿ.ಮೀ., ಎತ್ತರಕ್ಕೆ 1 ಸೆಂ.ಮೀ.ಗೆ 250 ಮೀಟರ್ ಇಟ್ಟುಕೊಳ್ಳಿ. ಎರಡಕ್ಕೂ ಒಂದೇ ಅಳತೆ ಹಿಡಿದರೆ ದೇಶದ ಅತಿ ಎತ್ತರದ ತಹಾತ್ ಶಿಖರ (2,908 ಮೀ., ನಂದಿಬೆಟ್ಟದ ಎರಡರಷ್ಟು) ಬರೀ 3 ಮಿ.ಮೀ. ಆಗುತ್ತೆ, ಕಣ್ಣಿಗೇ ಬೀಳಲ್ಲ. ಹೀಗೆ ಮಾಡಿದರೆ 11.6 ಸೆಂ.ಮೀ. ಬರುತ್ತೆ. ಎತ್ತರವನ್ನು 40 ಪಟ್ಟು ಹಿಗ್ಗಿಸಿದ್ದೇವೆ ಅಂತ ಚೀಟಿ ಅಂಟಿಸೋದು ಮರೀಬೇಡಿ.

ಉತ್ತರ ತುದಿಯಿಂದ 5 ಸೆಂ.ಮೀ. ಹತ್ತಿರ ತೆಲ್ ಅಟ್ಲಾಸ್, ಹಸಿರು ಬಣ್ಣ. 10ರಿಂದ 23ರವರೆಗೆ ಎತ್ತರದ ಹುಲ್ಲು ಬಯಲು. 20ರ ಹತ್ತಿರ ಜಹ್ರೆಜ್ ಉಪ್ಪಿನ ತಗ್ಗು. ಜೆಲ್ಫಾ ಊರು ದಾಟಿದರೆ ಸಹಾರಾ ಅಟ್ಲಾಸ್, 33ಕ್ಕೆ ಲಘುವಾತ್, ಅಲ್ಲಿಂದ ಮರುಭೂಮಿ. 68ಕ್ಕೆ ಎಲ್ ಮೆನಿಯಾ. ನಿಜವಾದ ಮರಳುದಿಬ್ಬ ತೋರಿಸಬೇಕಾದ್ದು ಇಲ್ಲೇ, ಅದೂ ಪಶ್ಚಿಮದ ಅಂಚಿನಲ್ಲಿ. ಮುಂದೆ ತಾದೆಮೈತ್ ಬೋಳು ಕಲ್ಲುಹಾಸು. 106ಕ್ಕೆ ಇನ್ ಸಲಾಹ್, ಎತ್ತರ 1 ಸೆಂ.ಮೀ. ಸಾಕು. ತಹಾತ್ 150ಕ್ಕೆ.

ಪಾವಗಡ ಕಲ್ಲು:
ತಹಾತ್ ಶಿಖರ ಇರುವ ಅಹಗ್ಗಾರ್ ಬೆಟ್ಟಗಳನ್ನು ನಿಮ್ಮ ಮಧುಗಿರಿ ಏಕಶಿಲೆ ಥರ ಗುಂಡಗೆ ಮಾಡಬೇಡಿ. ತಳದಲ್ಲಿರೋದು ನಮ್ಮ ಕಡೆಯಂತೆ ಹಳೇ ಗ್ರಾನೈಟೇ, ಆದರೆ ಮೇಲೆ ಜ್ವಾಲಾಮುಖಿ ಕೆಲಸ. ಬಾಯಲ್ಲೇ ಹೆಪ್ಪುಗಟ್ಟಿದ ಲಾವಾ ಗಟ್ಟಿ, ಸುತ್ತಲಿನ ಮೆದು ಕಲ್ಲು ಸವೆದು ಹೋಯಿತು. ಹಾಗಾಗಿ ಕಡಿದಾದ ಕಂಬಗಳು, ಮೈಮೇಲೆ ಉದ್ದುದ್ದ ಸೀಳು. ಥರ್ಮಾಕೋಲನ್ನು ಬ್ಲೇಡಿನಲ್ಲಿ ಮೇಲಿಂದ ಕೆಳಗೆ ಕೊಯ್ದರೆ ಆ ಸೀಳು ಚೆನ್ನಾಗಿ ಬರುತ್ತೆ. ಬಣ್ಣ ಕಪ್ಪುಗಂದು.

ಕಲ್ಲುಹಾಸಿಗೆ ಜರಡಿ ಹಿಡಿದ ಸಣ್ಣ ಜಲ್ಲಿ, ದಿಬ್ಬಕ್ಕೆ ಮಾತ್ರ ನುಣ್ಣನೆ ಹೊಳೆ ಮರಳು. ಎಂ ಸ್ಯಾಂಡ್ ಬೂದು ಬಣ್ಣ, ಹೊಂದಲ್ಲ. ಫೆವಿಕಾಲ್ ಬಳಸಿ, ಘಾಟು ವಾಸನೆಯ ರಬ್ಬರ್ ಗಮ್ ಥರ್ಮಾಕೋಲನ್ನೇ ಕರಗಿಸುತ್ತೆ.

ಕೋಲಾರ ಬಾವಿ:
ಜಾಗ ಇದ್ದರೆ ಪಕ್ಕದಲ್ಲಿ ಎಲ್ ಊಎದ್ ಊರಿನ ಒಂದು ಘೂತ್ (ಗುಂಡಿಯೊಳಗಿನ ಖರ್ಜೂರದ ತೋಟ) ತೋರಿಸಿ, ದಯವಿಟ್ಟು. ಅದು ಈ ಗೆರೆಯ ಮೇಲೆ ಬರಲ್ಲ, ಪೂರ್ವಕ್ಕಿದೆ. ಮರಳುದಿಬ್ಬದ ನಡುವೆ ಆಳವಾದ ಬಟ್ಟಲಿನಂಥ ಗುಂಡಿ ತೋಡಿ, ತಳದಲ್ಲಿ ಖರ್ಜೂರದ ಗಿಡ ನೆಡ್ತಾರೆ. ಬೇರು ನೇರ ಅಂತರ್ಜಲಕ್ಕೆ ಇಳಿಯುತ್ತೆ, ಮೇಲಿಂದ ನೀರು ಹಾಯಿಸೋದೇ ಬೇಡ. ಮರಳು ಜಾರದಂತೆ ಅಂಚಿಗೆ ಒಣ ಗರಿಗಳ ಬೇಲಿ. ಅಂತರ್ಜಲ ಪಾತಾಳಕ್ಕೆ ಇಳಿದದ್ದನ್ನೇ ಕಂಡ ನಮ್ಮ ಮಕ್ಕಳು ಇದನ್ನು ತಿಳಿಯಬೇಕು: ಅಲ್ಲಿ ತೋಟ ಹಾಳಾದದ್ದು ನೀರು ಮೇಲೇರಿ. ಆಳದ ಕೊಳವೆಬಾವಿಗಳಿಂದ ಎತ್ತಿದ ನೀರು ಊರಲ್ಲಿ ಬಳಕೆಯಾಗಿ, ಚರಂಡಿಯಿಲ್ಲದೆ ಮೇಲಿನ ಮರಳು ಪದರಕ್ಕೇ ಇಂಗಿತು. ಎಷ್ಟೋ ಗುಂಡಿಗಳು ಕೊಳವಾದವು, ಬೇರು ಕೊಳೆತು ಮರಗಳು ಸತ್ತವು.

ಉಪ್ಪಿನ ತಗ್ಗಿಗೆ ಕಲ್ಲುಪ್ಪು ಹಾಕೋದಾದರೆ ಪ್ರದರ್ಶನದ ಬೆಳಿಗ್ಗೆಯೇ ಹರಡಿ. ಹಿಂದಿನ ದಿನ ಹಾಕಿದರೆ ತೇವ ಎಳೆದು ನೀರೊಡೆಯುತ್ತೆ, ಪಕ್ಕದ ಬಣ್ಣವೂ ಕಲಸಿಹೋಗುತ್ತೆ.