ಪದಚರ್ಚೆ: ‘ನಿಖರತೆ’ ಆಕ್ಯುರಸಿಗೋ, ರೆಸಲ್ಯೂಷನ್‌ಗೋ?

ಪ್ರಶ್ನೆ: ಲಸಿಕೆ ಇಡುವ ಫ್ರಿಜ್ಜಿನ ತಾಪಮಾನವನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೂಲಕ ಕ್ಲೌಡ್ ಡ್ಯಾಶ್‌ಬೋರ್ಡಿಗೆ (ಅಂತರಜಾಲದಲ್ಲಿ ಅಳತೆ ತೋರಿಸುವ ಪುಟಕ್ಕೆ) ಕಳಿಸುವ ಬಗ್ಗೆ ಕನ್ನಡದಲ್ಲಿ ಕೈಪಿಡಿ ಸಿದ್ಧವಾಗುತ್ತಿದೆ. ಡಿಎಸ್18ಬಿ20 ಸೆನ್ಸರಿನ ‘ನಿಖರತೆ’ ಕರಡಿನ ಒಂದು ಕಡೆ 0.0625 ಡಿಗ್ರಿ, ಇನ್ನೊಂದು ಕಡೆ ±0.5 ಡಿಗ್ರಿ. ಯಾವುದನ್ನು ಉಳಿಸಿಕೊಳ್ಳಬೇಕು? ‘ಉಷ್ಣಾಂಶ’ ಎನ್ನಬೇಕೋ ‘ತಾಪಮಾನ’ ಎನ್ನಬೇಕೋ?

ಉತ್ತರ: ಎರಡನೆಯದು ಸುಲಭ. ಎರಡೂ ಬಳಕೆಯಲ್ಲಿವೆ, ಒಂದನ್ನು ಹಿಡಿದು ಕೊನೆಯವರೆಗೂ ಬಿಡದಿದ್ದರಾಯಿತು. ‘ಉಷ್ಣ’ ಎಂದಷ್ಟೇ ಬರೆಯಬೇಡಿ, ಅದು ಹೀಟ್.

ಮೊದಲನೆಯದರಲ್ಲಿ ಅಂಕಿಗಳೆರಡೂ ಸರಿ, ಪದ ಒಂದೇ ಆದದ್ದು ತಪ್ಪು. 12 ಬಿಟ್ ಸೆಟ್ಟಿಂಗ್‌ನಲ್ಲಿ ಈ ಸೆನ್ಸರು ಒಂದು ಡಿಗ್ರಿಯನ್ನು 16 ಪಾಲು ಮಾಡಿ ಹೇಳುತ್ತದೆ, ಒಂದು ಪಾಲು 0.0625. ಇದು ರೆಸಲ್ಯೂಷನ್. ಹೇಳಿದ್ದು ನಿಜದಿಂದ ಎಷ್ಟು ದೂರ ಇರಬಹುದು ಎಂಬುದು ಬೇರೆ ಮಾತು: −10ರಿಂದ 85 ಡಿಗ್ರಿವರೆಗೆ ±0.5. ಇದು ಆಕ್ಯುರಸಿ. ಅಕ್ಕಸಾಲಿಗನ ತಕ್ಕಡಿ ಗುಲಗಂಜಿ ತೂಕಕ್ಕೂ ವಾಲಬಹುದು. ಬಟ್ಟು ಸವೆದಿದ್ದರೆ ತೂಕ ಸುಳ್ಳೇ. ಆದ್ದರಿಂದ ‘ನಿಖರತೆ’ ±0.5ಕ್ಕೆ ಮಾತ್ರ ಇರಲಿ. ರೆಸಲ್ಯೂಷನ್‌ಗೆ ‘ಪೃಥಕ್ಕರಣ’ ಎಂದರೆ ಮಸೂರದ ಪಾಠ ನೆನಪಾಗುತ್ತದೆ. ನನ್ನ ಮತ ‘ಮೆಟ್ಟಿಲು’ ಪದಕ್ಕೆ: ರೀಡಿಂಗ್ ಏರುವುದೂ ಇಳಿಯುವುದೂ 0.0625ರ ಮೆಟ್ಟಿಲುಗಳಲ್ಲೇ, ಗ್ರಾಫ್ ಹಿಗ್ಗಿಸಿದರೆ ಕಣ್ಣಿಗೇ ಕಾಣುತ್ತದೆ.

ಇದು ಬರೀ ಪದದ ಜಗಳವಲ್ಲ. ಲಸಿಕೆಗೆ 2ರಿಂದ 8 ಡಿಗ್ರಿ ಮಿತಿ. ಡ್ಯಾಶ್‌ಬೋರ್ಡ್ 7.9375 ಎಂದು ತೋರಿಸಿದಾಗ ‘ನಿಖರತೆ 0.0625’ ಎಂದು ಓದಿದವರು ನಿಶ್ಚಿಂತರಾಗುತ್ತಾರೆ, ಒಳಗೆ 8.4 ಇರಬಹುದು. ಅಲಾರಂ 2.5 ಮತ್ತು 7.5ಕ್ಕೆ ಇಡಿ, ಪರದೆಯ ಮೇಲೆ ಒಂದೇ ದಶಮಾಂಶ ಸಾಕು.

ಕ್ಯಾಲಿಬ್ರೇಷನ್‌ಗೆ ‘ತಾಳೆ ನೋಡುವುದು’ ಎನ್ನಿ, ಕೆಲಸವೂ ಅದೇ. ಪುಡಿ ಐಸಿನ ಸಂದು ತುಂಬುವಷ್ಟೇ ನೀರು ಹಾಕಿ, ಸೆನ್ಸರಿನ ತುದಿ (ಪ್ರೋಬ್) ಮುಳುಗಿಸಿ, ಕಲಕುತ್ತ 10 ನಿಮಿಷ ಬಿಡಿ. 0 ಬರುವ ಕಡೆ 0.375 ಬಂದರೆ ಆರು ಮೆಟ್ಟಿಲು ಹೆಚ್ಚು. ಕೋಡಿನಲ್ಲಿ ಅಷ್ಟನ್ನು ಕಳೆಯಿರಿ. ಕುದಿನೀರಿನ ತಾಳೆ ಇಲ್ಲಿ ಬೇಡ. ಬೆಂಗಳೂರಿನ ಎತ್ತರಕ್ಕೆ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ, ಆ ಮೂರು ಡಿಗ್ರಿಗೆ ಸೆನ್ಸರನ್ನು ಬೈದು ಉಪಯೋಗವಿಲ್ಲ.

ಕರಡಿನಲ್ಲಿ ‘ದೋಷ’ ಪದವೂ ಹೀಗೇ ಎರಡು ಕೆಲಸ ಮಾಡುತ್ತಿರಬಹುದು, ನೋಡಿ. ಮೇಲಿನ 0.375 ‘ವ್ಯತ್ಯಾಸ’, ಕಳೆದರೆ ಹೋಗುತ್ತದೆ. ಆದರೆ ಫ್ರಿಜ್ಜಿನೊಳಗಿಂದ ಇದ್ದಕ್ಕಿದ್ದಂತೆ 85 ಬಂದರೆ ಅದು ಅಳತೆಯೇ ಅಲ್ಲ. ವಿದ್ಯುತ್ ಬಂದಾಗ ಸೆನ್ಸರು ತನ್ನಲ್ಲಿ ಇಟ್ಟುಕೊಂಡಿರುವ ಆರಂಭದ ಅಂಕಿ ಅದು. ಅಳೆಯಲು ಬೇಕಾದ 750 ಮಿಲಿಸೆಕೆಂಡ್ ಮುಗಿಯುವ ಮೊದಲೇ ಓದಿದರೆ, ಅಥವಾ ಉದ್ದ ತಂತಿಯಲ್ಲಿ ವೋಲ್ಟೇಜ್ ಕುಸಿದರೆ ಅದೇ ಬರುತ್ತದೆ. ಡೇಟಾ ಕೆಡದೆ ಬಂದಿದೆಯೇ ಎಂದು ನೋಡುವ ಸಿಆರ್‌ಸಿ ಪರೀಕ್ಷೆಯಲ್ಲೂ ಇದು ಪಾಸಾಗುತ್ತದೆ, ಹಾಗಾಗಿ ಕೋಡಿನಲ್ಲೇ 85 ಅನ್ನು ಬಿಟ್ಟು ಮತ್ತೆ ಓದಿಸಬೇಕು. ಇದಕ್ಕೆ ‘ಹುಸಿ ಓದು’ ಎನ್ನಬಹುದು. ಪೈ ಬೋರ್ಡಿನಲ್ಲಿ ಸೆನ್ಸರಿನ 28ರಿಂದ ಶುರುವಾಗುವ ಹೆಸರಿನ ಬದಲು 00 ಎಂದು ಶುರುವಾಗುವ ಸಾಧನಗಳು ಕಂಡರೆ ಅದು ಓದಿನ ತಪ್ಪೂ ಅಲ್ಲ: ಡೇಟಾ ತಂತಿಗೂ 3.3 ವೋಲ್ಟಿಗೂ ನಡುವೆ ಇರಬೇಕಾದ 4.7 ಕಿಲೋಓಮ್ ರೋಧಕ ಬಿಟ್ಟುಹೋಗಿದೆಯೇ ನೋಡಿ. (ಬರೆಯುವಾಗ ರೋಧಕ, ಅಂಗಡಿಯಲ್ಲಿ ರೆಸಿಸ್ಟರ್.)